ತೊಂಬತ್ತಾರು ಡಾಕ್ಟರರ ಪಟ್ಟಿಯೂ ನನ್ನ ಸಹಿಯೂ

1993ರ ಜುಲೈ ಐದನೇ ತಾರೀಕು, ಸೋಮವಾರ, ವಾರಾಣಸಿಯಲ್ಲಿ ಒಂದು ಸಣ್ಣ ಔಷಧ ಕಂಪನಿಯ ಮೆಡಿಕಲ್ ರೆಪ್ರೆಸೆಂಟೇಟಿವ್ ಆಗಿ ನಾನು ಕೆಲಸಕ್ಕೆ ಸೇರಿದೆ. ವಯಸ್ಸು ಇಪ್ಪತ್ತಮೂರು, ಓದು ಬಿ.ಎಸ್ಸಿ., ಮೊದಲ ನೌಕರಿ. ಆರು ತಿಂಗಳ ಪ್ರೊಬೇಷನ್, ಅಂದರೆ ಪರೀಕ್ಷಾ ಅವಧಿ. ಕೆಲಸ ಮೆಚ್ಚಿಕೆಯಾದರೆ ಜನವರಿಯಲ್ಲಿ ಖಾಯಂ ಪತ್ರ, ಇಲ್ಲದಿದ್ದರೆ ಮತ್ತೆ ಅರ್ಜಿ ಬರೆಯುವ ಕೆಲಸ. ಅನುಭವ ಹೇಳಿಕೊಳ್ಳುವಷ್ಟು ಹಳಬ ನಾನಲ್ಲ. ಆದರೆ ಆ ಆರು ತಿಂಗಳಲ್ಲಿ ನಡೆದದ್ದು ದಿನಚರಿಯಲ್ಲಿ ತಾರೀಕು ಸಮೇತ ಇದೆ. ಕೆಲಸ ಹುಡುಕುತ್ತಿರುವವರಿಗೂ ಈಗಷ್ಟೇ ಸೇರಿದವರಿಗೂ ಉಪಯೋಗವಾದೀತೆಂದು ಅದನ್ನು ನೋಡಿಕೊಂಡು ಬರೆಯುತ್ತಿದ್ದೇನೆ.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ಕಾಶಿಯ ಒಂದು ಕನ್ನಡ ಮಠದ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದರು. ಮಠದ ಹಿಂಭಾಗದ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಡಿಸೆಂಬರ್ ಕೊನೆಗೆ ಅವರ ನಿವೃತ್ತಿ. ಆಮೇಲೆ ಕೋಣೆ ಬಿಡಬೇಕು. ಭೇಲೂಪುರ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೆವು. ಮಗನ ಖಾಯಂ ಪತ್ರ ತೋರಿಸಿದರೆ ಕೀಲಿ ಕೊಡುತ್ತೇನೆ, ಜನವರಿ ಹದಿನೈದರವರೆಗೆ ಕಾಯುತ್ತೇನೆ ಎಂದು ಮಾಲೀಕರು ಹೇಳಿದ್ದರು. ಹೀಗಾಗಿ ಆ ಒಂದು ಕಾಗದದ ಮೇಲೆ ನಾಲ್ಕು ಜನರ ಸೂರು ನಿಂತಿತ್ತು.

ನನ್ನ ಕೆಲಸವೇನೆಂದರೆ, ದಿನಕ್ಕೆ ಹತ್ತು ಡಾಕ್ಟರರನ್ನು ಕಂಡು ಕಂಪನಿಯ ಔಷಧಗಳ ವಿಷಯ ಹೇಳುವುದು. ಒಂದೊಂದು ಭೇಟಿಗೂ ಕಾಲ್ ಎನ್ನುತ್ತಾರೆ. ಸಂಜೆ ಆ ಹತ್ತು ಹೆಸರುಗಳನ್ನು ದೈನಂದಿನ ವರದಿಯಲ್ಲಿ ತುಂಬಿ, ಒಂದು ಪ್ರತಿಯನ್ನು ಕಾನ್ಪುರದ ಮುಖ್ಯ ಕಚೇರಿಗೂ ಒಂದನ್ನು ಏರಿಯಾ ಮ್ಯಾನೇಜರರಿಗೂ ಕಳಿಸಬೇಕು. ಮ್ಯಾನೇಜರ್ ನಮ್ಮ ಜೊತೆ ಬಂದು ಸುತ್ತುವ ದಿನ ಜಾಯಿಂಟ್ ವರ್ಕ್. ಆ ದಿನದ ವರದಿಗೆ ಅವರ ಸಹಿಯೂ ಇರುತ್ತದೆ.

ನಮ್ಮ ಮ್ಯಾನೇಜರ್ ಶ್ರೀವಾಸ್ತವ ಸಾಹೇಬರು ಅಲಹಾಬಾದಿನವರು. ತಿಂಗಳಿಗೆ ಎರಡು ಸಲ ಬಂದು ಭೇಲೂಪುರದ ಲಾಡ್ಜ್ ಒಂದರಲ್ಲಿ ಇಳಿಯುತ್ತಿದ್ದರು. ಮಾತೆಲ್ಲ ಹಿಂದಿಯಲ್ಲಿ, ಇಲ್ಲಿ ಕನ್ನಡಕ್ಕೆ ತಿರುಗಿಸಿದ್ದೇನೆ. ಮೊದಲ ದಿನವೇ ನನ್ನನ್ನು ‘ಬೇಟಾ’ ಎಂದು ಕರೆದರು. ನನಗೆ ಸ್ವಲ್ಪ ಬೇಗವಾಯಿತು ಅನ್ನಿಸಿತು. ಹಿಂದೆ ಇದೇ ಜಾಗದಲ್ಲಿದ್ದು ಮೇ ತಿಂಗಳಲ್ಲಿ ಬಿಟ್ಟುಹೋದ ಪಾಂಡೆ ಎಂಬವರ ಫೈಲನ್ನೂ ತೊಂಬತ್ತಾರು ಡಾಕ್ಟರರ ಒಂದು ಪಟ್ಟಿಯನ್ನೂ ಕೈಗಿಟ್ಟರು. ಇದೇ ನಿನ್ನ ಆಸ್ತಿ ಎಂದರು.

ಮೂರನೇ ದಿನ, ಜುಲೈ ಏಳರಂದು, ಜಾಯಿಂಟ್ ವರ್ಕ್ ಇತ್ತು. ಆರು ಡಾಕ್ಟರರನ್ನು ಕಂಡ ಮೇಲೆ ಮಳೆ ಜೋರಾಗಿ ಹಿಡಿಯಿತು. ಲಂಕಾ ಎಂಬ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಗೇಟಿನೆದುರಿನ ಒಂದು ಚಹಾ ಅಂಗಡಿಯಲ್ಲಿ ಕೂತೆವು. ಸಾಹೇಬರು ಪಟ್ಟಿ ಬಿಡಿಸಿ ಇನ್ನೂ ನಾಲ್ಕು ಹೆಸರು ಓದಿ ಹೇಳಿದರು; ವರದಿಯಲ್ಲಿ ಹತ್ತು ತುಂಬಿಸು, ಉಳಿದ ನಾಲ್ವರನ್ನು ನಾಳೆ ಹೇಗೂ ಕಾಣುತ್ತೀಯಲ್ಲ ಎಂದರು. ನಾನು ಬರೆದೆ. ನನ್ನದೇ ಕೈಬರಹ, ನನ್ನದೇ ಸಹಿ. ಮನೆಗೆ ಬಂದು ದಿನಚರಿಯಲ್ಲಿ ಮಾತ್ರ ‘ಕಂಡದ್ದು 6, ಬರೆದದ್ದು 10’ ಎಂದು ಗುರುತು ಹಾಕಿಕೊಂಡೆ.

ಮಾರನೆಯ ದಿನ ಆ ನಾಲ್ವರನ್ನು ಹುಡುಕಿದೆ. ಮೂವರು ಸಿಕ್ಕರು. ನಾಲ್ಕನೆಯವರು ಡಾಕ್ಟರ್ ಘೋಷಾಲ್, ಭೇಲೂಪುರದ ಗಲ್ಲಿಯೊಂದರಲ್ಲಿ ಕ್ಲಿನಿಕ್. ಶಟರ್ ಎಳೆದಿತ್ತು. ಮತ್ತೆ ಮೂರು ಸಲ ಹೋದೆ, ಮೂರು ಬೇರೆ ಬೇರೆ ಹೊತ್ತಿನಲ್ಲಿ. ಶಟರಿನ ಬುಡದಲ್ಲಿ ಹುಲ್ಲು ಬೆಳೆದಿದ್ದನ್ನು ಮೂರನೇ ಸಲ ಗಮನಿಸಿದೆ.

ಮಠದಲ್ಲಿ ಗೌರಜ್ಜಿ ಎಂಬ ಬೈಲಹೊಂಗಲದ ಕಡೆಯ ವೃದ್ಧೆ ಇದ್ದರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು ಒಂಬತ್ತು ವರ್ಷವಾಗಿತ್ತು. ಮೊಣಕಾಲು ನೋವಿಗೆ ಅವರು ಸುತ್ತದ ಡಾಕ್ಟರಿಲ್ಲ. ಘೋಷಾಲರು ಯಾವಾಗ ಸಿಗುತ್ತಾರೆಂದು ಅವರನ್ನು ಕೇಳಿದೆ.

“ಏ ತಮ್ಮಾ, ಅವರು ಶಿವರಾತ್ರಿ ಇನ್ನೂ ಎಂಟ ದಿನ ಇರೂ ಮುಂದ ತೀರಿಕೊಂಡ್ರಲ್ಲೋ. ಮಣಿಕರ್ಣಿಕಾಕ್ಕ ಒಯ್ಯೂದು ಈ ಕಣ್ಣಿಲೆ ನೋಡೇನಿ,” ಎಂದರು. ಆಮೇಲೆ ನನ್ನ ಬ್ಯಾಗಿನ ಕಡೆ ನೋಡಿ, “ಸತ್ತಾವ್ರಿಗೂ ಗುಳಿಗಿ ಮಾರ್ತಾರೇನೋ ನಿಮ್ಮ ಕಂಪನಿಯವ್ರು? ಹಂಗಾದ್ರ ಕಾಶ್ಯಾಗ ನಿಮಗ ಗಿರಾಕಿಗೇನೂ ಬರಾ ಇಲ್ಲ ಬಿಡು.”

ನಾನು ನಗಲಿಲ್ಲ. ಪಾಂಡೆಯವರ ಫೈಲು ತೆಗೆದು ಹಳೆಯ ವರದಿಗಳ ಕಾರ್ಬನ್ ಪ್ರತಿಗಳನ್ನು ನೋಡಿದೆ. ಆ ವರ್ಷದ ಶಿವರಾತ್ರಿ ಫೆಬ್ರವರಿಯಲ್ಲಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಡಾಕ್ಟರ್ ಘೋಷಾಲರನ್ನು ನಾಲ್ಕು ಸಲ ಕಂಡದ್ದಾಗಿ ಬರೆದಿತ್ತು. ಒಂದು ಕಡೆ, ಡಾಕ್ಟರರು ನಮ್ಮ ಟಾನಿಕ್ಕಿನಲ್ಲಿ ಆಸಕ್ತಿ ತೋರಿಸಿದರು ಎಂಬ ಟಿಪ್ಪಣಿ. ಪಾಂಡೆ ಸುಳ್ಳುಗಾರ ಎಂದು ನಿಶ್ಚಯಿಸಿಕೊಂಡು ಹಾಳೆ ಮಗುಚುತ್ತಿದ್ದವನಿಗೆ, ನಾಲ್ಕರಲ್ಲಿ ಎರಡು ವರದಿಗಳ ಕೆಳಗೆ ಎರಡನೇ ಸಹಿ ಕಂಡಿತು. ಅದು ಶ್ರೀವಾಸ್ತವ ಸಾಹೇಬರದು.

ಅಂದಿನಿಂದ ಪಟ್ಟಿಯ ಒಂದೊಂದು ಹೆಸರನ್ನೂ ಅನುಮಾನದಿಂದಲೇ ನೋಡತೊಡಗಿದೆ. ಕಂಡವರಿಗೆ ತಾರೀಕು, ಕ್ಲಿನಿಕ್ ಇದ್ದೂ ಡಾಕ್ಟರರು ಸಿಗದಿದ್ದರೆ ಅಡ್ಡಗೆರೆ, ಅಲ್ಲಿ ಆ ಡಾಕ್ಟರರೇ ಇಲ್ಲದಿದ್ದರೆ ಸೊನ್ನೆ. ಜುಲೈ ಇಪ್ಪತ್ತನಾಲ್ಕರ ಶನಿವಾರ ಲೆಕ್ಕ ಹಾಕಿದಾಗ ತಾರೀಕು ಬಿದ್ದದ್ದು ಎಪ್ಪತ್ತು, ಅಡ್ಡಗೆರೆ ಹದಿನೈದು, ಸೊನ್ನೆ ಹನ್ನೊಂದು. ಹನ್ನೊಂದರಲ್ಲಿ ನಾಲ್ವರು ಊರು ಬಿಟ್ಟಿದ್ದರು. ಮೂವರ ಹೆಸರನ್ನು ಆ ಮೊಹಲ್ಲಾದಲ್ಲಿ ಯಾರೂ ಕೇಳಿರಲಿಲ್ಲ. ಇಬ್ಬರು ಬೇರೆ ವಿಳಾಸದಲ್ಲಿ ಇದೇ ಪಟ್ಟಿಯಲ್ಲಿ ಆಗಲೇ ಇದ್ದವರು. ಒಬ್ಬರು ಡಾಕ್ಟರೇ ಅಲ್ಲ, ಔಷಧ ಅಂಗಡಿಯ ಮಾಲೀಕರು. ಹನ್ನೊಂದನೆಯವರು ಘೋಷಾಲ್. ಅಡ್ಡಗೆರೆಯ ಹದಿನೈದು ಮಂದಿಯನ್ನು ಆಗಸ್ಟ್ ಮುಗಿಯುವುದರೊಳಗೆ ಕಂಡು ಮುಗಿಸಿದೆ. ಅಲ್ಲಿಗೆ ನಿಜವಾದ ಹೆಸರು ಎಂಬತ್ತೈದು.

ಆಗಸ್ಟ್ ಮಧ್ಯದಲ್ಲಿ ಸಾಹೇಬರು ತೊಂಬತ್ತಾರು ಹೆಸರುಗಳ ಟೈಪ್ ಮಾಡಿದ ಪ್ರತಿಯೊಂದನ್ನು ತಂದರು. ಕೆಳಗೆ, ‘ಎಲ್ಲರನ್ನೂ ಸ್ವತಃ ಕಂಡು ಪರಿಶೀಲಿಸಿದ್ದೇನೆ’ ಎಂಬ ಸಾಲು, ಅದರಡಿ ನನ್ನ ಸಹಿಗೆ ಖಾಲಿ ಜಾಗ. ಹೊಸಬರೆಲ್ಲ ಎರಡನೇ ತಿಂಗಳಲ್ಲಿ ಮಾಡುವ ಮಾಮೂಲಿ ಕೆಲಸ ಇದು, ತಿಂಗಳ ಕೊನೆಗೆ ಬಂದಾಗ ತೆಗೆದುಕೊಳ್ಳುತ್ತೇನೆ ಎಂದರು. ಬಹಳ ಸಹಜವಾಗಿ ಹೇಳಿದರು. ಆ ಸಹಜತೆಯೇ ನನಗೆ ಹಿಡಿಸಲಿಲ್ಲ.

ಪಾಂಡೆಯವರನ್ನು ಹುಡುಕಿಕೊಂಡು ಲಂಕಾಕ್ಕೆ ಹೋದೆ. ಸಂಜೆ ಎಲ್ಲ ಕಂಪನಿಯ ರೆಪ್‌ಗಳೂ ಚಹಾಕ್ಕೆ ಸೇರುವ ಜಾಗ ಅದು. ಅವರು ಈಗ ಬೇರೆ ಕಂಪನಿಯಲ್ಲಿದ್ದರು. ಕಾಗದದ ವಿಷಯ ಎತ್ತುತ್ತಲೇ ನಕ್ಕು, ತಾವೂ ಎರಡನೇ ತಿಂಗಳಲ್ಲೇ ಅದಕ್ಕೆ ಸಹಿ ಹಾಕಿದ್ದನ್ನು ಹೇಳಿದರು. ತೊಂಬತ್ತು ಡಾಕ್ಟರರಿಗಿಂತ ಕಡಿಮೆಯಾದರೆ ವಾರಾಣಸಿಯನ್ನು ಮಿರ್ಜಾಪುರದ ರೆಪ್‌ಗೆ ಸೇರಿಸಿಬಿಡುವುದು ಕಂಪನಿಯ ನಿಯಮ. ಆಗ ಸಾಹೇಬರ ಕೈಕೆಳಗೆ ಒಬ್ಬ ಮನುಷ್ಯ ಕಡಿಮೆಯಾಗುತ್ತಾನೆ. ಅದಕ್ಕೇ ಪಟ್ಟಿ ತೊಂಬತ್ತಾರು. ಇಷ್ಟೇ ಆಗಿದ್ದರೆ ಸರಿ ಎನ್ನಬಹುದಿತ್ತು.

“ಒಂದು ಪ್ರತಿ ಕಾನ್ಪುರಕ್ಕೆ ಹೋಗುತ್ತೆ, ಭೈಯಾ. ಇನ್ನೊಂದು ಸಾಹೇಬರ ಬ್ರೀಫ್‌ಕೇಸಿನಲ್ಲಿ ಮಲಗಿರುತ್ತೆ,” ಎಂದರು ಪಾಂಡೆ. “ನೀನು ರಜೆ ಕೇಳು, ವರ್ಗ ಕೇಳು, ಅವರ ಮೇಲೆ ಒಂದು ಮಾತು ಆಡು. ಆಗ ಎದ್ದು ಕೂರುತ್ತೆ.”

ಹಾಗಾದರೆ ಬಿಡುವಾಗ ನೀವೇಕೆ ಕಾನ್ಪುರಕ್ಕೆ ಬರೆಯಲಿಲ್ಲ ಎಂದು ಕೇಳಿದೆ. ಸಹಿ ನನ್ನದೇ ಆಗಿತ್ತಲ್ಲ ಎಂದು ಅವರು ಲೋಟ ಕೆಳಗಿಟ್ಟರು. ಮನೆಗೆ ಬಂದು ದಿನಚರಿಯಲ್ಲಿ ಎರಡು ಕಾಲಂ ಎಳೆದೆ: ಪಾಂಡೆಯವರನ್ನು ನಂಬಲು ಕಾರಣಗಳು, ನಂಬದಿರಲು ಕಾರಣಗಳು. ನಾನು ಕೆಲಸ ಕಳೆದುಕೊಂಡರೆ ಅದೇ ಗಲ್ಲಿಗಳಲ್ಲಿ ಅವರ ಹೊಸ ಕಂಪನಿಗೆ ಲಾಭ. ಚಹಾಕ್ಕೆ ಕೂರಿಸಿದ್ದೂ ಅದಕ್ಕೇ ಇದ್ದೀತು. ಎರಡೂ ಕಾಲಂಗಳಲ್ಲಿ ಮೂರು ಮೂರು ಸಾಲು ಬಂದವು. ಅದರಿಂದ ಏನೂ ತೀರ್ಮಾನವಾಗಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಸುಳ್ಳಿಗೆ ಸಹಿ ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅಪ್ಪ ಕನ್ನಡಕ ಒರೆಸಿ, “ಎಲ್ಲಾರೂ ಹಾಕ್ಯಾರ, ನೀನೂ ಹಾಕು. ಮೊದಲ ಮನಿ ಕೀಲಿ ಕೈಯಾಗ ಬರಲಿ, ಆಮ್ಯಾಲ ಬೇಕಾದಷ್ಟು ಖರೇ ಮಾತಾಡು,” ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂವತ್ತು ವರ್ಷ ಇನ್ನೊಬ್ಬರ ಕೋಣೆಯಲ್ಲಿ ಇದ್ದವರ ಮಾತು ಅದು.

ಆಗಸ್ಟ್ ಮೂವತ್ತೊಂದು, ಮಂಗಳವಾರ. ಲಾಡ್ಜಿನ ಕೋಣೆಯಲ್ಲಿ ಸಾಹೇಬರಿಗೆ ಎರಡು ಹಾಳೆ ಕೊಟ್ಟೆ. ಒಂದರಲ್ಲಿ ಎಂಬತ್ತೈದು ಹೆಸರು, ಎದುರಿಗೆ ನಾನು ಕಂಡ ತಾರೀಕು. ಇನ್ನೊಂದರಲ್ಲಿ ಹನ್ನೊಂದು ಹೆಸರು, ಎದುರಿಗೆ ಕಾರಣ. ಟೈಪ್ ಮಾಡಿದ ಪಟ್ಟಿಗೆ ಸಹಿ ಹಾಕಿರಲಿಲ್ಲ. ಅವರು ಎರಡನ್ನೂ ಓದಿದರು. ಕೂಗಾಡುತ್ತಾರೆಂದು ಕಾಯುತ್ತಿದ್ದೆ. ಬದಲಿಗೆ ಬ್ರೀಫ್‌ಕೇಸ್ ತೆರೆದು ಒಂದು ವರದಿ ತೆಗೆದು ಮಂಚದ ಮೇಲಿಟ್ಟರು. ಜುಲೈ ಏಳರದು.

“ಇದು ಯಾರ ಕೈಬರಹ, ಬೇಟಾ?”

ನನ್ನದು ಎಂದೆ.

“ಘೋಷಾಲ್ ಸತ್ತಿದ್ದಾನೆ ಅಂತ ನೀನೇ ಬರೆದಿದ್ದೀಯ. ಅವನನ್ನು ಕಂಡೆ ಅಂತಲೂ ನೀನೇ ಬರೆದಿದ್ದೀಯ. ಕಾನ್ಪುರದವರು ಯಾವ ಕಾಗದ ನಂಬಬೇಕು?” ಎಂದರು. ಅದರಲ್ಲಿ ನಿಮ್ಮ ಸಹಿಯೂ ಇದೆ ಎಂದೆ. ಅದಕ್ಕೆ ಸಾಹೇಬರು, “ಮಳೆಗೆ ನಾನು ಅಂಗಡಿಯಲ್ಲೇ ಉಳಿದೆ, ಒಬ್ಬನೇ ಹೋಗಿ ನಾಲ್ವರನ್ನು ಕಂಡು ಬಂದೆ ಅಂತ ಹುಡುಗ ಹೇಳಿದ, ನಂಬಿದೆ. ಹೀಗೆ ಹೇಳಲು ನನಗೆಷ್ಟು ಹೊತ್ತು?” ಎಂದು ಕೇಳಿದರು. ಎಂಬತ್ತೈದು ಕಳಿಸಿದರೆ ಮೊದಲು ಹೋಗುವುದು ನಿನ್ನದೇ ಜಾಗ ಎಂದೂ ಸೇರಿಸಿದರು. ನಾಳೆ ಹತ್ತು ಗಂಟೆಗೆ ಸಹಿ ಹಾಕಿದ ತೊಂಬತ್ತಾರು ಬೇಕು ಎಂದರು.

ಆಗ ನನಗೆ ಅರ್ಥವಾಯಿತು. ಚಹಾ ಅಂಗಡಿಯ ನಾಲ್ಕು ಹೆಸರು ಮಳೆಯಿಂದ ಬಂದದ್ದಲ್ಲದಿರಬಹುದು. ಅವರಿಗೆ ಬೇಕಾಗಿದ್ದದ್ದು ಹೊಸ ಹುಡುಗನ ಕೈಯ ಒಂದು ಮೊದಲ ಸುಳ್ಳು. ಅದಿದ್ದರೆ ಎರಡನೆಯದು ತಾನಾಗಿ ಬರುತ್ತದೆ. ಇದಕ್ಕೆ ನನ್ನಲ್ಲಿ ಪುರಾವೆ ಇಲ್ಲ, ಅನುಮಾನ ಮಾತ್ರ, ಹಾಗೆಂದೇ ಬರೆಯುತ್ತಿದ್ದೇನೆ.

ಮನೆಗೆ ಬಂದು ನೇಮಕಾತಿ ಪತ್ರ ತೆಗೆದು ಓದಿದೆ. ಸೇರುವ ದಿನ ಸಂಬಳದ ಸಾಲು ಮಾತ್ರ ನೋಡಿ ಸಹಿ ಹಾಕಿದ್ದೆ. ಇದು ನಾನು ಮಾಡಿದ ಇನ್ನೊಂದು ತಪ್ಪು. ಒಂಬತ್ತನೇ ಕಲಮಿನಲ್ಲಿ, ವರದಿಯಲ್ಲಿ ತಪ್ಪಾಗಿದ್ದರೆ ಉದ್ಯೋಗಿಯೇ ಅದನ್ನು ಲಿಖಿತವಾಗಿ ಮುಖ್ಯ ಕಚೇರಿಗೆ ತಿಳಿಸಬೇಕು ಎಂದಿತ್ತು. ಮೂರನೇ ಹಾಳೆ ತೆಗೆದುಕೊಂಡು ಬರೆದೆ: ‘ಜುಲೈ ಏಳರ ವರದಿಯಲ್ಲಿ ನಾನು ಹತ್ತು ಕಾಲ್ ಎಂದು ಬರೆದಿದ್ದೇನೆ. ಕಂಡದ್ದು ಆರು. ಡಾಕ್ಟರ್ ಘೋಷಾಲ್ ನಾನು ಸೇರುವ ಮೊದಲೇ ತೀರಿಕೊಂಡಿದ್ದರು. ತಪ್ಪು ನನ್ನದು.’ ಸಾಹೇಬರ ಹೆಸರು ಬರೆಯಲಿಲ್ಲ. ನಾಲ್ಕನ್ನು ಓದಿ ಹೇಳಿದವರು ಅವರೆಂಬುದಕ್ಕೆ ಸಾಕ್ಷಿ ಇರಲಿಲ್ಲ. ಬರೆದವನು ನಾನೆಂಬುದಕ್ಕೆ ಇತ್ತು.

ಬೆಳಿಗ್ಗೆ ಅಂಚೆ ಕಚೇರಿ ತೆರೆಯುತ್ತಲೇ ಮೂರೂ ಹಾಳೆಗಳನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾನ್ಪುರಕ್ಕೆ ಕಳಿಸಿ, ಕಾರ್ಬನ್ ಪ್ರತಿಗಳನ್ನು ಹತ್ತು ಗಂಟೆಗೆ ಲಾಡ್ಜಿಗೆ ಒಯ್ದೆ. ಸಾಹೇಬರು ಮೂರನೆಯದನ್ನು ಎರಡು ಸಲ ಓದಿದರು.

“ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆ,” ಎಂದರು. ಆಮೇಲೆ ಅವರು ನನ್ನನ್ನು ಬೇಟಾ ಎನ್ನಲಿಲ್ಲ.

ಕಾನ್ಪುರದಿಂದ ಸ್ವೀಕೃತಿ ಚೀಟಿ ಬಂತು; ಅದರಲ್ಲಿ ಓದಲಾಗದ ಒಂದು ಸಹಿ. ಬೇರೆ ಉತ್ತರವಿಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಹೀಗೇ ಕಳೆದವು. ಲಕೋಟೆ ಸಾಹೇಬರ ಸ್ನೇಹಿತರ ಕೈಗೆ ಬಿತ್ತೇ? ಯಾರೂ ಒಡೆಯದೆ ಫೈಲಿಗೆ ಸೇರಿಸಿದರೇ? ನಾನು ಬರೆದ ವರದಿಗಳಲ್ಲಿ ಕೆಲವು ದಿನ ಹತ್ತು ಕಾಲ್, ಹಲವು ದಿನ ಎಂಟು, ಮಳೆಯ ದಿನ ಐದು. ಸುಳ್ಳು ಸೇರಿಸದಿದ್ದರೆ ಹತ್ತು ಆಗುವುದು ಕಷ್ಟ ಎಂದು ಗೊತ್ತಾಯಿತು. ಮಿಕ್ಕವರೆಲ್ಲ ದಿನಾ ಹತ್ತು ಹೇಗೆ ಬರೆಯುತ್ತಿದ್ದಾರೆಂದೂ ಅನುಮಾನ ಹುಟ್ಟಿತು. ಯಾರನ್ನೂ ಕೇಳಲಿಲ್ಲ.

1994ರ ಜನವರಿ ಆರು, ಗುರುವಾರ, ಪತ್ರ ಬಂತು. ಖಾಯಂ ಇಲ್ಲ. ಕಾಲ್ ಸರಾಸರಿ ನಿಗದಿತ ಹತ್ತಕ್ಕಿಂತ ಕಡಿಮೆ ಇರುವ ಕಾರಣ ಪ್ರೊಬೇಷನ್ ಮೂರು ತಿಂಗಳು ಮುಂದುವರಿಸಲಾಗಿದೆ. ಒಪ್ಪಿ ಸಹಿ ಹಾಕಿ ಒಂದು ಪ್ರತಿ ಹಿಂತಿರುಗಿಸಬೇಕು. ಭೇಲೂಪುರದ ಮಾಲೀಕರು ಆ ಮನೆಯನ್ನು ಬೇರೆಯವರಿಗೆ ಕೊಟ್ಟರು. ಅಪ್ಪ ಮಠದ ಹಿರಿಯರ ಕಾಲಿಗೆ ಬಿದ್ದು ಯುಗಾದಿಯವರೆಗೆ ಕೋಣೆ ಉಳಿಸಿಕೊಂಡರು. 

ಆ ಪತ್ರಕ್ಕೂ ನಾನು ತಕ್ಷಣ ಸಹಿ ಹಾಕಲಿಲ್ಲ. ‘148 ದಿನ, 1,243 ಕಾಲ್, ಸರಾಸರಿ 8.4’ ಎಂದು ಅದರಲ್ಲಿ ಟೈಪ್ ಮಾಡಿತ್ತು. ಮೋಸ ಇರಬಹುದೆಂದು ಎರಡು ದಿನ ಕೂತು ನನ್ನ ವರದಿಗಳ ಪ್ರತಿಗಳನ್ನು ಕೂಡಿಸಿದೆ. ಮೊತ್ತ 1,247 ಬಂತು. ನಾಲ್ಕು ಕಡಿಮೆ ತೋರಿಸಿದ್ದಾರೆ ಎಂದು ಜಗಳದ ಪತ್ರ ಬರೆಯಲು ಕೂತವನಿಗೆ ಆ ನಾಲ್ಕು ಯಾವುವೆಂದು ಹೊಳೆಯಿತು. ಅವು ಜುಲೈ ಏಳರ ನಾಲ್ಕು. ಕಾನ್ಪುರದಲ್ಲಿ ಯಾರೋ ಒಬ್ಬರು, ಹೆಸರು ಗೊತ್ತಿಲ್ಲ, ನನ್ನ ಮೂರನೇ ಹಾಳೆಯನ್ನು ಓದಿದ್ದರು. ನಂಬಿದ್ದರು. ನಂಬಿ, ಲೆಕ್ಕದಿಂದ ಕಳೆದಿದ್ದರು.

ಪತ್ರದ ಕೆಳಗೆ ಸಹಿ ಮಾಡಿ ತಾರೀಕು ಹಾಕಿದೆ. ಆ ಕಂಪನಿ ಸಹಿಗೆಂದು ನನ್ನ ಮುಂದಿಟ್ಟ ಕಾಗದಗಳಲ್ಲಿ ಪ್ರತಿ ಸಾಲನ್ನೂ ಓದಿ, ಪ್ರತಿ ಸಾಲೂ ನಿಜವೆಂದು ಗೊತ್ತಿದ್ದು ನಾನು ಸಹಿ ಹಾಕಿದ ಮೊದಲನೆಯದು ಅದು.

ಏಪ್ರಿಲ್‌ನಲ್ಲಿ ಖಾಯಂ ಆದೆ; ಶ್ರೀವಾಸ್ತವ ಸಾಹೇಬರು ಈಗಲೂ ನನ್ನ ಮ್ಯಾನೇಜರರೇ. ಪಟ್ಟಿ ಎಂಬತ್ತೈದಕ್ಕೆ ಇಳಿದರೂ ವಾರಾಣಸಿಯನ್ನು ಮಿರ್ಜಾಪುರಕ್ಕೆ ಏಕೆ ಸೇರಿಸಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬಲ್ಲದ್ದು ಸ್ವಲ್ಪವೇ. ನೇಮಕಾತಿ ಪತ್ರವನ್ನು ಸೇರುವ ದಿನವೇ ಪೂರ್ತಿ ಓದಿ. ಹಿಂದಿನವರಿಂದ ಬಂದ ಪಟ್ಟಿಯನ್ನು ನಿಮ್ಮ ಕಾಲಿನಿಂದ ನಡೆದು ನೋಡುವವರೆಗೆ ನಿಮ್ಮದು ಎನ್ನಬೇಡಿ. ಅನುಮಾನ ಪಡುವುದು ತಪ್ಪಲ್ಲ. ಆದರೆ ಮೇಲಿನವರನ್ನು ಅನುಮಾನಿಸುವ ಮೊದಲು ನೀವೇ ಬರೆದದ್ದನ್ನು ಅಷ್ಟೇ ಗುಮಾನಿಯಿಂದ ಒಮ್ಮೆ ಓದಿ. ಅಲ್ಲಿ ಸುಳ್ಳು ಸಿಕ್ಕಿದರೆ ಇನ್ನೊಬ್ಬರು ಎತ್ತಿ ತೋರಿಸುವ ತನಕ ಕಾಯದೆ ನೀವೇ ತಿದ್ದಿ ಕಳಿಸಿ. ನನಗೆ ಅದರ ಬೆಲೆ ಮೂರು ತಿಂಗಳು ಮತ್ತು ಒಂದು ಮನೆ. ತಡಮಾಡಿದಷ್ಟೂ ಅದು ಏರುತ್ತಿತ್ತು.