ಹೆಸರಿದ್ದ ಮನೆ

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮುದಕಮ್ಮ ಹದಿಮೂರು ವರ್ಷದಿಂದ ಬಾಡಿಗೆಗಿದ್ದ ಮನೆಗೆ ಎರಡೇ ಖೋಲಿ. ಎಷ್ಟು ಸಲ ಸುಣ್ಣ ಬಳಿದರೂ ಗಿರಣಿಯ ಹೊಟ್ಟು ಹಾರಿಬಂದು ಗೋಡೆಗೆ ಮೆತ್ತುತ್ತಿತ್ತು. ಗಂಡ ಯಂಕೋಬ ಗಿರಣಿಯಲ್ಲಿ ಚೀಲ ಹೊರುವಾಗ ಬಂದು ಸೇರಿದ ಮನೆ ಅದು. ಅವನ ಹೆಣವನ್ನು ಊರಿಗೆ ಒಯ್ದದ್ದು ಅದೇ ಹೊಸ್ತಿಲು ದಾಟಿಸಿ. ಮಗಳು ದೀಪಿಕಾ ಓದಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತದ್ದೂ ಅಲ್ಲಿದ್ದೇ. ಮುದಕಮ್ಮ ಸರ್ಕಾರಿ ಸಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು.

ಶ್ರಾವಣ ಮುಗಿದ ವಾರ ಮನೆಯ ಒಡತಿ ರಜಿಯಾಬೇಗಂ ಬಂದು ಕಟ್ಟೆಯ ಮೇಲೆ ಕೂತಳು.

"ಮಗಳು ಹೊಸಪೇಟಿಗೆ ಬಾ ಅಂತ ಹಟ ಹಿಡದಾಳ. ಈ ಮನಿ ಮಾರತೀನಿ ಮುದಕಮ್ಮ. ಮೊದಲ ಮಾತು ನಿನಗ."

"ನನಗ್ಯಾಕ ಚೇಷ್ಟಿ ಮಾಡ್ತೀರಿ ಆಪಾ?"

"ಚೇಷ್ಟಿ ಅಲ್ಲ. ಮೊದಲ ಸಲ ಮನಿ ತಗೊಳ್ಳೋರಿಗೆ ಸರ್ಕಾರ ಸಬ್ಸಿಡಿ ಕೊಡತೈತಂತ. ಕೇಳಿ ಬಾ. ದಸರಾ ತನಕ ಕಾಯ್ತೀನಿ, ಮುಂದ ನನ್ನ ಕೈಯಾಗ ಇಲ್ಲ."

ಮರುದಿನವೇ ಸಹಕಾರಿ ಬ್ಯಾಂಕಿಗೆ ಹೋಗಿ ಕೇಳಿದಳು. ಸಬ್ಸಿಡಿ ಬಂದರೆ ಸಾಲ ಕೊಡುತ್ತೇವೆ, ಇಲ್ಲದಿದ್ದರೆ ನಿಮ್ಮಿಬ್ಬರ ಪಗಾರಕ್ಕೆ ಕಂತು ನೀಗುವುದಿಲ್ಲ ಎಂದರು. ಅರ್ಜಿ ತುಂಬುವ ಪ್ರಭುರಾಜ ತನ್ನ ಆನ್‌ಲೈನ್ ಅಂಗಡಿಯಲ್ಲಿ ನಿಯಮ ಓದಿ ಹೇಳಿದ. ಮನೆ ಹೆಂಗಸಿನ ಹೆಸರಿಗೆ ಆಗಬೇಕು. ಗಂಡ ಸತ್ತವರಿಗೆ ಮೊದಲ ಸರದಿ. ಗಂಡ, ಹೆಂಡತಿ, ಮಕ್ಕಳು ಯಾರ ಹೆಸರಿನಲ್ಲೂ ಎಲ್ಲಿಯೂ ಪಕ್ಕಾ ಮನೆ ಇರಕೂಡದು. ಸೆಪ್ಟೆಂಬರ್ ಮೂವತ್ತರ ಸಂಜೆ ಐದಕ್ಕೆ ಅರ್ಜಿ ಬಂದ್.

"ಗಂಡ ಸತ್ತಾಕಿ ಎದುರಿಗೆ ಬರಬ್ಯಾಡ ಅಂತಿದ್ರು ಮಂದಿ," ಮುದಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಇಲ್ಲಿ ನೋಡಿದ್ರ ಮೊದಲ ನಂಬರ ಕೊಟ್ಟಾರಲ್ಲೋ ತಮ್ಮಾ."

ಪ್ರಭುರಾಜನೂ ನಕ್ಕ. ಕಂಪ್ಯೂಟರಿನಲ್ಲಿ ಅದೇನೋ ಒತ್ತಿದವನು ಪರದೆಯತ್ತ ಬಾಗಿದ.

"ಯಮ್ಮಾ, ಕುಷ್ಟಗಿ ತಾಲ್ಲೂಕಿನ್ಯಾಗ ನಿಮ್ಮ ಯಜಮಾನರ ಹೆಸರಿಗೆ ಪಕ್ಕಾ ಮನಿ ಐತಲ್ಲ."

"ಅವರು ಹೋಗಿ ಒಂಬತ್ತು ವರ್ಷ ಆತು."

"ಕಾಗದದಾಗ ಇನ್ನೂ ಅದಾರ ನೋಡ್ರಿ. ಪಂಚಾಯ್ತಿಗೆ ಹೋಗಿ ಹೆಸರು ತೆಗಿಸ್ಕೊಂಡು ಬರ್ರಿ, ಆಮ್ಯಾಲ ಅರ್ಜಿ."

ಕಾಗದದಲ್ಲಿ ಉಳಿಸಿದವಳು ಮುದಕಮ್ಮನೇ. ಯಂಕೋಬ ತೀರಿಕೊಂಡ ಹನ್ನೊಂದನೇ ದಿನ ಮೈದುನ ಗಾಳೇಶ ಮನೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಕಾಗದ ತಂದಿದ್ದ. ಊರ ಮನೆಯಲ್ಲಿ ಇರುವವನು ಅವನೇ, ತಪ್ಪೇನೂ ಇರಲಿಲ್ಲ. ಆದರೆ ಆಕೆ ಹೆಬ್ಬೆಟ್ಟು ಒತ್ತಲಿಲ್ಲ. ದಸರೆಗೆ ಮುಂಚಿನ ಮಾನಮಿ ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರು ತಮ್ಮ ಹೆಸರಿದ್ದ ಮನೆಗೆ ಬಂದು ಉಣ್ಣುತ್ತಾರೆ ಎಂಬುದು ಅವರ ಮನೆತನದ ನಂಬಿಕೆ. ವರ್ಷ ವರ್ಷ ಆ ದಿನ ಮುದಕಮ್ಮ ಬಸ್ಸು ಹತ್ತಿ ಊರಿಗೆ ಹೋಗಿ ಹೋಳಿಗೆ, ಕಡಬು ಮಾಡಿ ಎಡೆ ಇಡುತ್ತಿದ್ದಳು. ಪಕ್ಕದಲ್ಲಿ ಹೊಸ ಧೋತರ, ಒಂದು ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ. ಆಮೇಲೆ ಬಾಗಿಲು ಮುಂದೆ ಮಾಡಿ, ಅವನು ಉಂಡು ಮುಗಿಸುವವರೆಗೂ ಹೊರಗೆ ಕೂಡುತ್ತಿದ್ದಳು.

ಈ ಸಲ ಅಮಾವಾಸ್ಯೆಗೆ ಹತ್ತು ದಿನ ಮೊದಲೇ ಹೋದಳು. ಅರ್ಜಿ ಕೊಟ್ಟ ಮೇಲೆ ಏಳು ದಿನ ನೋಟಿಸ್ ಅಂಟಿಸುತ್ತೇವೆ, ಯಾರ ತಕರಾರೂ ಬರದಿದ್ದರೆ ಹೆಸರು ಬದಲು ಎಂದರು ಪಂಚಾಯ್ತಿಯ ಗುಮಾಸ್ತರು.

"ನಾಳೆನ ಕೊಟ್ಟುಬಿಡೂಣು ಅತ್ತಿಗಿ," ಎಂದ ಗಾಳೇಶ. "ಹೆಸರು ನಂದಾದ್ರೂ ಬಾಗಲಾ ನಿನಗೇನು ಮುಚ್ಚತೈತೇನು?"

"ಅಮಾಸಿ ಮುಗೀಲಿ ತಡಿ ಗಾಳೇಶಾ. ಇದೊಂದು ಎಡಿ ಉಂಡು ಹೋಗಲಿ. ಹೆಸರಿಲ್ಲದ ಮನಿಗೆ ಹೆಂಗ ಬರಬೇಕು ಅವರು?"

ಹನ್ನೊಂದನೇ ದಿನದ ಆಕೆಯ ಮುಖ ನೆನಪಿದ್ದ ಗಾಳೇಶ ಎದುರಾಡಲಿಲ್ಲ. ಇಬ್ಬರೂ ಬೆರಳು ಮಡಿಚಿ ಎಣಿಸಿದರು. ಇಪ್ಪತ್ತೊಂದು, ರವಿವಾರ, ಅಮಾವಾಸ್ಯೆ. ಸೋಮವಾರ ಅರ್ಜಿ. ಇಪ್ಪತ್ತೊಂಬತ್ತಕ್ಕೆ ಏಳು ದಿನ. ಮೂವತ್ತು ಪೂರ್ತಿ ಕೈಯಲ್ಲಿ.

ದೀಪಿಕಾ ಒಬ್ಬಳೇ ಫೋನಿನಲ್ಲಿ ತಕರಾರು ತೆಗೆದಳು. "ಒಂದು ದಿನ ಹೆಚ್ಚು ಕಡಿಮಿ ಆದ್ರ ಏನ್ ಮಾಡ್ತಿ ಯವ್ವಾ?"

"ನಿಮ್ಮಪ್ಪಗ ಒಂದ್ ಹೊತ್ತು ಊಟ ಹಾಕಾಕೂ ಲೆಕ್ಕಾ ಹಾಕ್ತೀಯೇನ?"

ಮಗಳು ಫೋನು ಇಟ್ಟಳು.

ಆ ವರ್ಷದ ಎಡೆಗೆ ಮುದಕಮ್ಮ ಎರಡು ಹೋಳಿಗೆ ಹೆಚ್ಚಿಗೆ ಇಟ್ಟಳು. ಮುಂದೆ ಮಾಡಿದ ಬಾಗಿಲಿನ ಹೊರಗೆ ಹೊತ್ತು ಇಳಿಯುವವರೆಗೂ ಕೂತಳು. ಸೋಮವಾರ ಪಂಚಾಯ್ತಿಯಲ್ಲಿ ಗುಮಾಸ್ತರು ಯಾರ ಹೆಸರು ತೆಗೆಯಬೇಕೆಂದು ಕೇಳಿದರು. ಗಾಳೇಶ ಬಾಯಿ ತೆರೆಯುತ್ತಿದ್ದಂತೆ, "ಅರ್ಜಿ ಅವರದು, ಅವರ ಹೇಳಬೇಕು," ಎಂದರು. ಮದುವೆಯಾದಂದಿನಿಂದ ಆಕೆ ಗಂಡನ ಹೆಸರು ಎತ್ತಿ ಆಡಿದವಳಲ್ಲ.

"ಯಂಕೋಬ," ಎಂದಳು, ಮೇಜಿನ ಕಡೆ ನೋಡುತ್ತ.

"ಜೋರಾಗಿ ಹೇಳ್ರಿ."

ಮತ್ತೊಮ್ಮೆ ಹೇಳಿದಳು.

ಇಪ್ಪತ್ತೊಂಬತ್ತಕ್ಕೆ ಕಾಗದ ತರಲು ಹೋದಾಗ ಗುಮಾಸ್ತರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಏಳು ದಿನ ಎಂದರೆ ಕಚೇರಿ ನಡೆಯುವ ದಿನ. ನಡುವೆ ನಾಲ್ಕನೇ ಶನಿವಾರ, ರವಿವಾರ ಹೋದವು. ನಾಳಿಗೆ ಆರು. ಒಂದು, ಎರಡನೇ ತಾರೀಖು ದಸರೆಯ ರಜೆ.

"ಮೂರಕ್ಕ ಬರ್ರಿ. ಅವತ್ತ ಬಂದಾಗ ಕೊಟ್ಟುಹೋಗಿದ್ರ ಇಷ್ಟೊತ್ತಿಗೆ ಕೈಯಾಗ ಇರತಿತ್ತು."

ಸಬ್ಸಿಡಿ ಅರ್ಜಿಯ ತಾರೀಖು ಮುಂದೆ ಹಾಕುತ್ತಾರೆ ಎಂಬ ಸುದ್ದಿ ಇದೆ, ಯಾವುದಕ್ಕೂ ಹೆಸರು ತೆಗೆಸಿಯೇ ಇಡಿ ಎಂದ ಪ್ರಭುರಾಜ. ಆ ಆಸೆಗೆ ಮೂರನೇ ತಾರೀಖು ಮತ್ತೆ ಹೋದಳು. ಯಂಕೋಬನ ಹೆಸರಿದ್ದ ಸಾಲಿನಲ್ಲಿ ಗಾಳೇಶನ ಹೆಸರು ಕೂತ ಕಾಗದ ಕೈಗೆ ಬಂತು. ಪಂಚಾಯ್ತಿಯ ಅಂಗಳದಲ್ಲಿ ನಿಂತೇ ಪ್ರಭುರಾಜನಿಗೆ ಫೋನು ಮಾಡಿಸಿದಳು.

"ಬಂದ್ ಆಗೇತಿ ಯಮ್ಮಾ. ಮುಂದ ಹಾಕಲಿಲ್ಲ."

ಆಕೆ ತಿರುಗಿ ಒಳಗೆ ಹೋಗಿ ಕಾಗದವನ್ನು ಗುಮಾಸ್ತರ ಮುಂದಿಟ್ಟಳು. "ಹಂಗಾರ ಅವರ ಹೆಸರು ಮತ್ತ ಬರೀರಿ."

"ಸತ್ತೋರ ಹೆಸರು ತೆಗೀಬಹುದು ಯಮ್ಮಾ. ಏರಸಾಕ ಬರಂಗಿಲ್ಲ."

ಗಾಳೇಶ ಚಹಾ ತರಿಸಿದ. ಅದು ಕೆನೆಗಟ್ಟಿ ಆರಿಹೋಯಿತು.

ದಸರೆ ಕಳೆದ ಮೇಲೂ ರಜಿಯಾಬೇಗಂ ನಾಲ್ಕು ದಿನ ತಡೆದಳು. ಮನೆಯನ್ನು ಗೋಣಿಚೀಲ ಇಡಲೆಂದು ಭತ್ತದ ವ್ಯಾಪಾರಿಯೊಬ್ಬ ಕೊಂಡ.

ದೀಪಾವಳಿಗೆ ಮುಂಚೆ ತಾಯಿ ಮಗಳು ಸಾಮಾನು ಟಂಟಂ ಆಟೊಗೆ ಹೇರಿ ಬಸ್ ಸ್ಟ್ಯಾಂಡಿನ ಆಚೆ ಒಂದೇ ಖೋಲಿಯ ಮನೆಗೆ ಹೊರಟರು. ಯಂಕೋಬನ ಫೋಟೊ ಮುದಕಮ್ಮನ ತೊಡೆಯ ಮೇಲಿತ್ತು.

"ಬರೂ ವರ್ಷ ಮಾನಮಿ ಅಮಾಸಿಗೆ ಎಡಿ ಹೊಸ ಖೋಲ್ಯಾಗ ಇಡೂಣು ಬಿಡು ಯವ್ವಾ," ಎಂದಳು ದೀಪಿಕಾ.

ಮುದಕಮ್ಮ ಫೋಟೊದ ಗಾಜಿನ ಮೇಲಿನ ಹೊಟ್ಟನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಯಾರ ಮನಿ ಅಂತ ಕೇಳ್ಕೋತ ಬರಬೇಕವ್ವಾ ಅವರು?"