ಬೆನ್ನಿನ ಪಿನ್ನುಗಳು

ನಮ್ಮ ಬೀದಿಯಲ್ಲಿ ಅವಳಿಗೆ ಗೌನಕ್ಕ ಎಂದೇ ಹೆಸರು. ಯೂನಿವರ್ಸಿಟಿಯಲ್ಲಿ ಪದವಿ ಕೊಡುವ ದಿನ ಮಕ್ಕಳು ತೊಡುವ ಕಪ್ಪು ಗೌನುಗಳನ್ನು ಹೊಲಿದು ಬಾಡಿಗೆಗೆ ಕೊಡುವುದು ಅವಳ ಕಸುಬು. ಪಕ್ಕದ ಫೋಟೊ ಸ್ಟುಡಿಯೊ ನನ್ನದು. ಬಾಡಿಗೆ ಗೌನು ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಗೌನಕ್ಕ ಬೆನ್ನ ಹಿಂದೆ ಬಟ್ಟೆ ಮಡಚಿ ಪಿನ್ನು ಚುಚ್ಚುತ್ತಾಳೆ. ಫೋಟೊದಲ್ಲಿ ಎಲ್ಲರೂ ಅಳತೆ ಕೊಟ್ಟು ಹೊಲಿಸಿಕೊಂಡವರಂತೆ ಕಾಣುತ್ತಾರೆ. ಹಿಂದೆ ಹೋಗಿ ನೋಡಿದರೆ ನಗು ಬರುತ್ತದೆ.

ಅವಳ ಒಬ್ಬಳೇ ಮಗಳು ಶಾಲೆಯಲ್ಲಿ ಯಾವಾಗಲೂ ಮೊದಲು. ಯೂನಿವರ್ಸಿಟಿ ಸೇರಿದ್ದೇ ತಡ, ಗೌನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ವರ್ಷವಂತೂ ಬಂದ ಗಿರಾಕಿಗೆಲ್ಲ "ನಮ್ಮವಳದ್ದೂ ಈ ಸಲಾನೇ" ಎಂದು ಡಂಗುರ. ಮಗಳ ಗೌನಿನ ಫೋಟೊಗೆಂದು ನನ್ನಿಂದ ಒಂದು ಫ್ರೇಮು ಒಯ್ದು, ಊಟಕ್ಕೆ ಕೂರುವ ಜಾಗದ ಎದುರು ಖಾಲಿಯಾಗಿಯೇ ನೇತುಹಾಕಿದ್ದಳು.

"ಅಕ್ಕ, ಬರೀ ಗಾಜು ಒರೆಸೋಕೆ ತಗೊಂಡ್ಯಾ?" ಎಂದು ರೇಗಿಸಿದ್ದೆ.

"ಸುಮ್ನಿರೋ, ನಿನ್ ಕ್ಯಾಮೆರಾ ಸರಿ ಇದ್ಯಾ ನೋಡ್ಕೋ" ಎಂದಿದ್ದಳು.

ಪದವಿ ಕೊಡುವ ದಿನ ಬೆಳಿಗ್ಗೆ, ಗಿರಾಕಿಗಳು ಮುತ್ತಿಕೊಳ್ಳುವ ಮೊದಲೇ, ಮಗಳನ್ನು ಕೈಹಿಡಿದು ಸ್ಟುಡಿಯೊಗೆ ಕರೆತಂದಳು. ಬಾಡಿಗೆಯದಲ್ಲ, ಹೊಸ ಗೌನು. ಹೋದ ವರ್ಷದ ಅಳತೆಗೆ ಕತ್ತರಿಸಿದ್ದು. ಹುಡುಗಿಯ ಮೇಲೆ ಅದು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಗೌನಕ್ಕ ಹಿಂದೆ ನಿಂತು ಪಿನ್ನು ಚುಚ್ಚುತ್ತಲೇ ಹೋದಳು. ಡಬ್ಬಿ ಬರಿದಾಗುತ್ತಾ ಬಂದರೂ ಗೌನು ಕೂರಲಿಲ್ಲ.

"ಸ್ವಲ್ಪ ನಗಮ್ಮ" ಎಂದೆ, ಲೈಟು ಹಾಕಿ.

ಅವಳು ನಗಲಿಲ್ಲ. ನೆಲ ನೋಡುತ್ತಾ ಹೇಳಿದಳು: "ಅಮ್ಮ, ನಾನು ಪರೀಕ್ಷೆ ಬರೆದಿಲ್ಲ."

ಗೌನಕ್ಕನ ಕೈ ನಿಂತಿತು.

"ಅಲ್ಲಿ ಎಲ್ಲರೂ ಬುದ್ಧಿವಂತರು. ನಾನೊಬ್ಳೇ ತಪ್ಪಿ ಬಂದಿದ್ದೀನಿ ಅನ್ಸೋದು. ಬಾಯಿ ಬಿಟ್ರೆ ನಗ್ತಾರೆ ಅಂತ ಕ್ಲಾಸಿಗೆ ಹೋಗೋದೇ ಬಿಟ್ಟೆ. ಪರೀಕ್ಷೆ ದಿನಗಳಲ್ಲೆಲ್ಲ ಅಲ್ಲೇ ಟಾಯ್ಲೆಟ್ಟಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದೆ. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ."

ನಾನು ಲೈಟು ಆರಿಸಿದೆ. ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಪರರ ಮನೆಯ ಬಚ್ಚಲ ಬಾಗಿಲು ತೆರೆದವನಂತೆ ಮೈ ಹಿಡಿಯಾಯಿತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಗೌನಕ್ಕ ಬೆನ್ನಿನಿಂದ ಒಂದೊಂದೇ ಪಿನ್ನು ಕೀಳತೊಡಗಿದಳು.

"ನಿನ್ ಬಟ್ಟೆ ಎರಡು ಸಲ ಹಿಡಿದು ಹೊಲಿದ್ನಲ್ಲೇ" ಎಂದಳು. "ಮೈ ಇಳೀತಿದೆ ಅಂತ ಈ ಕೈಗೆ ಗೊತ್ತಾಗ್ಲಿಲ್ವಾ? ಗೊತ್ತಾಯ್ತು. ಏನಾಯ್ತು ಅಂತ ಬಾಯಿ ಮಾತಿಗೂ ಕೇಳ್ಲಿಲ್ಲ. ಕೇಳಿದ್ರೆ ನೀನು ಇದನ್ನೇ ಹೇಳ್ತೀಯೇನೋ ಅಂತ ಭಯ. ಬೀದಿಗೆಲ್ಲ ಸಾರ್ಕೊಂಡು ಬಂದಿದ್ದೆನಲ್ಲ."

ಹೊರಗೆ ಗಿರಾಕಿಗಳ ಗಲಾಟೆ ಶುರುವಾಗಿತ್ತು. ಮಗಳನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಗೌನಕ್ಕ ಅಂಗಡಿಗೆ ಹೋದಳು. ನಾನೂ ಬಾಗಿಲಿಗೆ ಬಂದೆ. ಗೌನು ತೊಟ್ಟು ನಿಂತಿದ್ದ ಹುಡುಗಿಯೊಬ್ಬಳು, "ಎಲ್ಲಿ ಆಂಟಿ, ನಿಮ್ ಮಗಳು ರೆಡಿನಾ?" ಎಂದಳು. ಬೇರೆ ಮಾತೇ ಸಿಗಲಿಲ್ಲವೇ ಇವಳಿಗೆ!

'ಹುಷಾರಿಲ್ಲ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಗೌನಕ್ಕನ ಮುಖ ಕೆಂಪಗಾಯಿತು.

"ಅವಳದ್ದು ಈ ಸಲ ಇಲ್ಲಮ್ಮ. ಪರೀಕ್ಷೆಗೆ ಕೂರೋಕಾಗ್ಲಿಲ್ಲ. ಮನಸ್ಸಿಗೆ ತುಂಬ ಕಷ್ಟ ಆಗಿತ್ತು, ನಾನೇ ನೋಡ್ಕೊಳ್ಲಿಲ್ಲ. ತಿರುಗು, ಪಿನ್ನು ಹಾಕ್ತೀನಿ."

ಪಿನ್ನು ಗೌನಕ್ಕನ ಬೆರಳಿಗೇ ಚುಚ್ಚಿತು. ಅಷ್ಟರಲ್ಲಿ ಮಗಳು ಗೌನು ಕಳಚಿಟ್ಟು ಪಿನ್ನಿನ ಡಬ್ಬಿ ಹಿಡಿದು ತಾಯಿಯ ಪಕ್ಕಕ್ಕೆ ಬಂದು ನಿಂತಳು. ಯಾರ ಮುಖವನ್ನೂ ನೋಡಲಿಲ್ಲ. ಕಿವಿಯವರೆಗೂ ನಾಚಿಕೆ. ಆದರೂ ಒಂದೊಂದೇ ಪಿನ್ನು ತೆಗೆದು ಕೊಡುತ್ತಾ ಹೋದಳು.

ಸಂಜೆ ಗೌನಕ್ಕ ನನ್ನನ್ನು ಮನೆಯೊಳಗೆ ಕರೆದಳು.

"ಆ ಫ್ರೇಮ್ ತಗೊಂಡ್ಹೋಗ್ಬಿಡಪ್ಪ" ಎಂದಳು. "ಅವಳನ್ನ ಅದರ ಎದುರಿಗೇ ಕೂರಿಸಿ, ಯಾಕೆ ಊಟ ಮಾಡ್ತಿಲ್ಲ ಅಂತ ಬೈತಿದ್ದೆ."