ಎರಡನೆಯ ಹಾಳೆ

ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ತರಬಾರದು, ಅಂಗಳದಲ್ಲೇ ಓದಿ, ಹರಿದು, ಸ್ನಾನ ಮಾಡಬೇಕು. ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ, ಅವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ನಾದಿನಿ ಧರ್ಮಾವತಿಯನ್ನು ಆನಂದಪುರದ ಬಟ್ಟೆ ವ್ಯಾಪಾರಿ ಚಂದ್ರಪ್ರಭನಿಗೆ ಕೊಟ್ಟಿದ್ದೆವು. ಐವತ್ತಮೂರನೇ ಇಸವಿಯ ಶ್ರಾವಣದಲ್ಲಿ ಹುಂಚದ ನಮ್ಮ ಮನೆಗೆ ಅವಳ ಕಾಗದ ಬಂತು. ತಲೆಯಲ್ಲಿ ‘ಶ್ರೀ’ ಇರಲಿಲ್ಲ, ‘ಅಶುಭ’ ಎಂದಿತ್ತು. ನನ್ನ ಯಜಮಾನರು ಪಾರ್ಶ್ವರಾಜರು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದತೊಡಗಿದರು. ಚಂದ್ರಪ್ರಭ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಕೊನೆಯಲ್ಲಿ ಅವಳು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿದಾಗ ಅವನ ತುಟಿ ಅಲುಗಿತಂತೆ. ‘ದೇಹ ಹೋಯಿತು, ಆತ್ಮಕ್ಕೆ ಸಾವಿಲ್ಲವೆಂದು ನಂಬಿದ್ದೇನೆ. ಆದರೂ ಊಟದ ಹೊತ್ತಿಗೆ ಕಣ್ಣು ಬಾಗಿಲ ಕಡೆಗೇ ಹೋಗುತ್ತದೆ.’

ಅಲ್ಲಿಗೆ ಮೊದಲ ಹಾಳೆ ಮುಗಿಯಿತು. ಇವರು “ಮುಂದೆ ಓದಕ್ಕಾಗಲ್ಲ ಕಣೇ” ಎಂದು ಎರಡೂ ಹಾಳೆಗಳನ್ನು ಸೇರಿಸಿ ಚೂರುಚೂರು ಮಾಡಿ ಬೇಲಿಯಾಚೆ ಎಸೆದರು. ನಾನು ತಡೆಯಲಿಲ್ಲ, ಸ್ನಾನಕ್ಕೆ ನೀರು ಸೇದಿಕೊಟ್ಟೆ. ದಹನ ಮುಗಿದಿತ್ತು, ಗದ್ದೆಯಲ್ಲಿ ಸಸಿ ನಟ್ಟಿ ನಡೆದಿತ್ತು. ಹನ್ನೆರಡನೇ ದಿನಕ್ಕೆ ಹೋದರಾಯಿತು ಅಂದುಕೊಂಡೆವು.

ಹೋದಾಗ ಧರ್ಮಾವತಿ ಒಳಗೆ ಗೋಡೆಗೊರಗಿ ಕೂತಿದ್ದಳು. ಅವಳ ನಾಲ್ಕು ವರ್ಷದ ಮಗಳು ಪ್ರಭಾವತಿ ಕಾಣಲಿಲ್ಲ.

“ಮಗು ಎಲ್ಲೇ?” ಎಂದೆ.

ಅವಳು ಅಣ್ಣನ ಮುಖ ನೋಡಿದಳು. “ಎರಡನೇ ಹಾಳೆ ಓದ್ಲಿಲ್ವಾ ಅಣ್ಣ?”

ಅದರಲ್ಲಿ ಬರೆದದ್ದನ್ನು ಅವಳೇ ಹೇಳಿದಳು. ಮಗುವಿಗೂ ಅದೇ ಜ್ವರ. ಸೂತಕ ಕಳೆಯುವವರೆಗೆ ಹೊಸ್ತಿಲು ದಾಟಕೂಡದೆಂದು ಅತ್ತೆಯ ಕಟ್ಟಪ್ಪಣೆ. ಅಣ್ಣ ಬಂದು ಕೇಳಿದರೆ ಅತ್ತೆ ಬೇಡವೆನ್ನರು, ಕೂಡಲೇ ಬಂದು ಮಗುವನ್ನು ಸಾಗರದ ಡಾಕ್ಟರ ಹತ್ತಿರ ಕರೆದೊಯ್ಯಿ ಎಂದು ಬರೆದಿದ್ದಳು. ಮಗು ತೀರಿಹೋಗಿ ಆಗಲೇ ಮೂರು ದಿನವಾಗಿತ್ತು.

“ಓದ್ದೇನೇ ಹರಿದ್ಬಿಟ್ಟೆ ಕಣೇ” ಎಂದರು ಇವರು.

ಅವಳು ಅಂದಳು: “ತಪ್ಪು ನಂದೇ ಅಣ್ಣ. ಮಗೂ ವಿಷ್ಯ ಮೊದ್ಲು ಬರೀಬೇಕಿತ್ತು. ಸತ್ತೋರನ್ನ ಮುಂದಿಟ್ಟೆ.”

ಅವಳನ್ನು ನಮ್ಮಲ್ಲಿಗೇ ಕರೆತಂದೆವು. ದಿನವೂ ಬಸದಿಗೆ ಹೋಗುತ್ತಿದ್ದಳು, ನಂಬಿಕೆ ಬಿಡಲಿಲ್ಲ. ಕೊರಗಿನಲ್ಲೇ ಇವರು ಸಾಯುವವರೆಗೂ ಅವಳು ಅಣ್ಣನಿಗೆ ಒಂದೂ ಬಿರುಸು ಮಾತಾಡಲಿಲ್ಲ. ಆಡಿದ್ದರೆ ಇವರು ಬದುಕಿಕೊಳ್ಳುತ್ತಿದ್ದರು.